ಕೇಳಿದ್ದು ಸಿಕ್ಕಿದ ಮೇಲೆ ಸ್ತೋತ್ರ ಹೇಳಲು ಯಾಕೆ ಇಷ್ಟು ತಡವರಿಕೆ?

ಪ್ರಶ್ನೆ: ಹೊಸಮನೆಯವಳು

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಬಹಳ ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ನಮಗೆ ಈಗ ಸ್ವಂತ ಮನೆ ಆಗಿದೆ. ದೊಡ್ಡದೇನಲ್ಲ. ಮಕ್ಕಳಿಗೆ ಓದಲು ಒಂದು ಕೋಣೆ ಇದೆ, ಅತ್ತೆಗೆ ಮೆಟ್ಟಿಲು ಹತ್ತುವ ಕಷ್ಟ ತಪ್ಪಿದೆ, ಬೆಳಗಿನ ಹೊತ್ತು ಅಡುಗೆಮನೆಗೆ ಬಿಸಿಲು ಬರುತ್ತದೆ. ಆ ಬಿಸಿಲಿನಲ್ಲಿ ನಿಂತಾಗ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ಈ ಮನೆಗಾಗಿ ನಾವು ಪ್ರಾರ್ಥಿಸಿದ್ದೆವು, ಸಭೆಯವರೂ ನಮ್ಮ ಜೊತೆ ಪ್ರಾರ್ಥಿಸಿದ್ದರು. ಹಾಗಾಗಿ ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳಲು ಕರೆದರು.

ಎದ್ದು ನಿಂತೆ. ಎದುರಿಗೆ ಒಬ್ಬ ಸಹೋದರಿ ಕೂತಿದ್ದರು. ಅವರದೂ ಇದೇ ಬೇಡಿಕೆ, ಅದೂ ನಮಗಿಂತ ಮೊದಲಿನಿಂದ. ಅವರ ಯಜಮಾನರಿಗೆ ಕೆಲಸ ಹೋಗಿದೆ, ಇರುವ ಬಾಡಿಗೆ ಮನೆಯನ್ನೂ ಬಿಡಬೇಕಾಗಿ ಬಂದಿದೆ. "ದೇವರು ನಮ್ಮ ಪ್ರಾರ್ಥನೆ ಕೇಳಿದರು" ಎನ್ನುವ ಮಾತು ನನ್ನ ಗಂಟಲಲ್ಲೇ ನಿಂತಿತು. ಈ ಮಾತು ಅವರ ಕಿವಿಗೆ ಬಿದ್ದಾಗ ಏನಾಗಿ ಕೇಳಿಸುತ್ತದೆ? ಅವರ ಪ್ರಾರ್ಥನೆಯನ್ನು ಕೇಳಲಿಲ್ಲ ಎಂದಲ್ಲವೇ? ಎರಡು ಮಾತು ಹೇಳಿ ಕೂತುಬಿಟ್ಟೆ.

ಅಂದಿನಿಂದ ಮನಸ್ಸಿಗೆ ನೆಮ್ಮದಿ ಇಲ್ಲ. ಸಭೆಯ ಒಬ್ಬ ಹಿರಿಯರು, "ಇರುವುದಕ್ಕೆ ಸ್ತೋತ್ರ ಹೇಳಮ್ಮ, ಹೇಳಿದಷ್ಟೂ ಇನ್ನೂ ಹೆಚ್ಚು ಬರುತ್ತದೆ" ಎಂದರು. ಇನ್ನೊಬ್ಬರು, "ಇಟ್ಟಿಗೆ ಸಿಮೆಂಟಿನ ಬಗ್ಗೆ ವಿಶ್ವಾಸಿಗಳಿಗೆ ಇಷ್ಟು ಸಂತೋಷ ಬೇಡ, ನಮ್ಮ ಮನೆ ಪರಲೋಕದಲ್ಲಿದೆ" ಎಂದರು. ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು. ಒಬ್ಬರ ಮಾತು ಕೇಳಿದರೆ ಇನ್ನೊಬ್ಬರದು ನಿಲ್ಲುವುದಿಲ್ಲ.

ಇನ್ನೊಂದು ವಿಷಯವೂ ಇದೆ. ಮನೆ ಸಿಕ್ಕಿದರೆ ಸಾಕು ಎಂದುಕೊಂಡಿದ್ದೆವು. ಈಗ ಅದಕ್ಕೊಂದು ಅಂಗಳ ಇದ್ದಿದ್ದರೆ, ಇನ್ನೊಂದು ಕೋಣೆ ಇದ್ದಿದ್ದರೆ ಎಂದು ಮನಸ್ಸು ಓಡುತ್ತದೆ. ಕೃತಜ್ಞತೆ ಮತ್ತು ಸಂತೃಪ್ತಿ ಒಂದೇ ಅಲ್ಲವೇ? ಸಿಕ್ಕಿದ್ದಕ್ಕೆ ಸ್ತೋತ್ರ ಹೇಳುತ್ತಲೇ ಅತೃಪ್ತಿಯಿಂದ ಇರಲು ಸಾಧ್ಯವೇ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ: ಮೂರನೇ ಪಾಳಿ

ತಂಗೀ, ನಿಮ್ಮ ಪತ್ರವನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ನಾವಿಬ್ಬರೂ ಕೂತು ಮಾತಾಡಿಕೊಂಡದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

ನಾವು ಎರಡೂ ಕಾಲ ನೋಡಿದವರು. ನಾನು ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದಾಗ ಮಕ್ಕಳು ಚಿಕ್ಕವರು. ಇಂದು ಅದೇ ಮಕ್ಕಳು ಸಂಪಾದಿಸುತ್ತಾರೆ, ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ನಾನು ಕಂಡುಕೊಂಡ ಒಂದು ಸಂಗತಿ ಇದೆ: ಕೊರತೆಯಲ್ಲಿ ಹೇಗಿರಬೇಕು ಎಂದು ಕಲಿಸಲು ಎಷ್ಟೋ ಜನ ಬಂದರು. ಸಭಾಪಾಲಕರು ಬಂದು ಕೀರ್ತನೆ ಓದಿದರು, ನೆರೆಯವರು ಧೈರ್ಯ ಹೇಳಿದರು, ಉಪವಾಸ ಪ್ರಾರ್ಥನೆ ಇಟ್ಟರು. ಕೈತುಂಬ ಬಂದ ಮೇಲೆ "ಈಗ ಹೇಗೆ ನಿಭಾಯಿಸುತ್ತಿದ್ದೀರಿ?" ಎಂದು ಕೇಳಲು ಒಬ್ಬರೂ ಬರಲಿಲ್ಲ. ಅದಕ್ಕೂ ಕಲಿಕೆ ಬೇಕು ಎಂದು ಯಾರಿಗೂ ತೋಚುವುದಿಲ್ಲ.

ಅಪೊಸ್ತಲನಾದ ಪೌಲನಿಗೆ ತೋಚಿತ್ತು. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯ ತೆಗೆದು ನೋಡಿ. ಬರೆಯುವಾಗ ಆತ ಬೇಡಿಯಲ್ಲಿದ್ದ. ಹಸಿದಿರುವುದನ್ನೂ ಬಲ್ಲೆ, ತುಂಬಿರುವುದನ್ನೂ ಬಲ್ಲೆ, ಎರಡೂ ನಾನು ಕಲಿತುಕೊಂಡದ್ದು ಎನ್ನುತ್ತಾನೆ. ಹಸಿವಿಗೆ ಮಾತ್ರ ಪಾಠ ಬೇಕು, ಹೊಟ್ಟೆ ತುಂಬಿದವನಿಗೆ ಬೇಡ ಎಂದು ಆತ ಎಣಿಸಲಿಲ್ಲ. ನಾವು ಗೋಡೆಗೆ ಹಾಕಿಕೊಳ್ಳುವ ವಚನ, ನನ್ನನ್ನು ಬಲಪಡಿಸುವಾತನ ಮೂಲಕ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬುದು, ಇದರ ಮುಂದಿನ ಸಾಲೇ. ಪರೀಕ್ಷೆ ಪಾಸಾಗಲಿ, ವ್ಯಾಪಾರ ಕೈಹಿಡಿಯಲಿ ಎಂದು ಅದನ್ನು ಹೇಳಿಕೊಳ್ಳುತ್ತೇವೆ. ಪೌಲ ಹೇಳುತ್ತಿರುವುದು ಕೊರತೆಯಲ್ಲೂ ಸಮೃದ್ಧಿಯಲ್ಲೂ ಕೆಡದೆ ಇರುವ ಶಕ್ತಿಯ ಬಗ್ಗೆ. ಸಮೃದ್ಧಿಯಲ್ಲಿ ಕೆಡದಿರಲು ಕೂಡ ಕ್ರಿಸ್ತನ ಬಲ ಬೇಕು ಎಂಬುದು ನನಗೆ ಅರ್ಥವಾದದ್ದು ಇತ್ತೀಚೆಗೆ.

ಮೋಶೆ ಇದನ್ನೇ ಮೊದಲು ಹೇಳಿದ್ದ. ಧರ್ಮೋಪದೇಶಕಾಂಡ 8ರಲ್ಲಿ ಎಚ್ಚರಿಕೆ ಇರುವುದು ಅರಣ್ಯಕ್ಕಲ್ಲ. ಒಳ್ಳೆಯ ಮನೆ ಕಟ್ಟಿಕೊಂಡು ವಾಸವಾಗಿ, ದನಕುರಿ ಹೆಚ್ಚಿ, ಬೆಳ್ಳಿಬಂಗಾರ ಸೇರಿದಾಗ ಮರೆಯಬೇಡಿ, "ನನ್ನ ಕೈಯ ಬಲದಿಂದ ಆಯಿತು" ಎಂದುಕೊಳ್ಳಬೇಡಿ ಎನ್ನುತ್ತಾನೆ. ನಿಮಗೆ ಈಗ ಆಗುತ್ತಿರುವ ಕಸಿವಿಸಿ ಆ ಮರೆವಿಗಿಂತ ಸಾವಿರ ಪಾಲು ಮೇಲು. ಅದರಿಂದ ಓಡಿಹೋಗಬೇಡಿ.

ಹಾಗೆಂದು ಬಿಸಿಲಿನಲ್ಲಿ ನಿಂತು ಸಂತೋಷಪಟ್ಟದ್ದಕ್ಕೆ ತಲೆ ತಗ್ಗಿಸಬೇಕಾಗಿಲ್ಲ. 1 ತಿಮೊಥೆಯ 6:17ರಲ್ಲಿ ಐಶ್ವರ್ಯವಂತರಿಗೆ ಹೇಳಿರುವುದನ್ನು ಗಮನಿಸಿ: ಅಹಂಕಾರಪಡಬೇಡಿ, ಅಸ್ಥಿರವಾದ ಹಣದ ಮೇಲೆ ಭರವಸೆ ಇಡಬೇಡಿ. ಅದೇ ವಾಕ್ಯದಲ್ಲಿ, ದೇವರು ನಮ್ಮ ಅನುಭೋಗಕ್ಕಾಗಿ ಎಲ್ಲವನ್ನೂ ಹೇರಳವಾಗಿ ಕೊಡುತ್ತಾನೆ ಎಂದೂ ಇದೆ. ಅದರ ಬೆನ್ನಿಗೇ, 18ನೇ ವಚನದಲ್ಲಿ, ಧಾರಾಳವಾಗಿ ಹಂಚಿಕೊಳ್ಳಬೇಕೆಂಬ ಆಜ್ಞೆ. ಅನುಭವಿಸು, ಹಂಚು. ಎರಡಕ್ಕೂ ಒಬ್ಬನೇ ದೇವರು. ಇಟ್ಟಿಗೆಯ ಬಗ್ಗೆ ಸಂತೋಷ ಬೇಡ ಎಂದವರಿಗೆ ಅದೇ ಪತ್ರಿಕೆಯ 4ನೇ ಅಧ್ಯಾಯ ಉತ್ತರ. ಮದುವೆ ಬೇಡ, ಇಂಥಿಂಥ ಆಹಾರ ಬೇಡ ಎಂದು ಬೋಧಿಸುವವರ ವಿರುದ್ಧ ಪೌಲ ಅಲ್ಲಿ ಬರೆದ: ದೇವರು ಸೃಷ್ಟಿಸಿದ್ದೆಲ್ಲವೂ ಒಳ್ಳೆಯದು, ಸ್ತೋತ್ರದೊಂದಿಗೆ ತೆಗೆದುಕೊಂಡರೆ ತಳ್ಳಿಬಿಡಬೇಕಾದದ್ದು ಯಾವುದೂ ಇಲ್ಲ.

ಆದರೂ ವಸ್ತುವಿಗೇ ಮನಸ್ಸು ಅಂಟಿಕೊಳ್ಳುವುದಿಲ್ಲವೇ? ಅಂಟಿಕೊಳ್ಳುತ್ತದೆ. ಆದಿಸಭೆಯ ಬಿಷಪ್ ಅಗಸ್ಟೀನ್ ಇದಕ್ಕೆ ಕೊಟ್ಟ ಹೋಲಿಕೆ ನನಗೆ ಬಹಳ ಹಿಡಿಸಿದೆ. ಮದುವೆ ನಿಶ್ಚಯವಾದ ಹುಡುಗಿಗೆ ವರ ಒಂದು ಉಂಗುರ ಮಾಡಿಸಿ ಕೊಡುತ್ತಾನೆ. ಅವಳು "ಈ ಉಂಗುರ ನನಗೆ ಸಾಕು, ಇನ್ನು ಅವನ ಮುಖ ನೋಡಬೇಕಾಗಿಲ್ಲ" ಎಂದರೆ? ಉಂಗುರವನ್ನು ಪ್ರೀತಿಸಿದ್ದು ತಪ್ಪಲ್ಲ. ಅವನು ಕೊಟ್ಟದ್ದೇ ಅವಳು ಅದರಲ್ಲಿ ಅವನನ್ನು ಪ್ರೀತಿಸಲಿ ಎಂದು.

ಈಗ ಆ ಹಿರಿಯರ ಮಾತಿಗೆ ಬರುತ್ತೇನೆ. "ಸ್ತೋತ್ರ ಹೇಳಿದಷ್ಟೂ ಇನ್ನೂ ಬರುತ್ತದೆ" ಎಂಬ ಮಾತು ನನ್ನನ್ನು ಕಳವಳಗೊಳಿಸುತ್ತದೆ. ಯೋಬನ ಗ್ರಂಥದ ಮೊದಲ ಅಧ್ಯಾಯದಲ್ಲಿ ಸೈತಾನನು ದೇವರ ಮುಂದೆ ಇಡುವ ಆರೋಪವೇ ಇದು: ಯೋಬನು ಲಾಭವಿಲ್ಲದೆ ದೇವರಿಗೆ ಭಯಪಡುತ್ತಾನೋ? ಇಡೀ ಗ್ರಂಥ ನಿಂತಿರುವುದು ಆ ಪ್ರಶ್ನೆಯ ಮೇಲೆ. ಹೆಚ್ಚು ಬರಲಿ ಎಂದು ಹೇಳುವ ಸ್ತೋತ್ರ ಸೈತಾನನ ಆರೋಪಕ್ಕೆ ಸಾಕ್ಷಿ ನುಡಿದಂತೆ. ಪ್ರವಾದಿ ಹಬಕ್ಕೂಕ ಅಂಜೂರದ ಮರ ಚಿಗುರದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ಯೆಹೋವನಲ್ಲಿ ಉಲ್ಲಾಸಿಸುವೆನು ಎಂದ. ಅವನ ಸ್ತೋತ್ರಕ್ಕೆ ಮುಂದೆ ಏನೂ ಬರಬೇಕಾಗಿರಲಿಲ್ಲ.

ಇನ್ನೊಂದು ಉಪದೇಶವನ್ನೂ ನೀವು ಕೇಳಿರುತ್ತೀರಿ: "ನಿನಗಿಂತ ಕಷ್ಟದಲ್ಲಿರುವವರನ್ನು ನೋಡಿ ಸಮಾಧಾನ ಮಾಡಿಕೋ." ನನಗೆ ಇದು ಒಪ್ಪುವುದೇ ಇಲ್ಲ. ದೇವಾಲಯದಲ್ಲಿ ನಿಂತು "ದೇವರೇ, ನಾನು ಉಳಿದವರಂತಲ್ಲವಾದ್ದರಿಂದ ನಿನಗೆ ಸ್ತೋತ್ರ" ಎಂದ ಫರಿಸಾಯನದ್ದೂ ಕೃತಜ್ಞತಾ ಪ್ರಾರ್ಥನೆಯೇ ಆಗಿತ್ತು (ಲೂಕ 18). ಅದರಲ್ಲಿ ಪಕ್ಕದಲ್ಲಿದ್ದವನ ಸ್ಥಿತಿಯೇ ಅವನ ನೆಮ್ಮದಿಗೆ ಆಧಾರವಾಗಿತ್ತು. ಕೆಳಗಿನವರನ್ನು ನೋಡಿ ಸಮಾಧಾನಪಡುವ ಕಣ್ಣು ಮೇಲಿನವರನ್ನು ನೋಡಿ ಸಂಕಟಪಡದೆ ಬಿಡುವುದಿಲ್ಲ. ನಿಮ್ಮ "ಇನ್ನೊಂದು ಕೋಣೆ" ಹುಟ್ಟುವುದೂ ಅಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ. ಇಬ್ರಿಯ 13:5ರಲ್ಲಿ ಇರುವುದರಲ್ಲಿ ತೃಪ್ತರಾಗಿರಿ ಎಂದ ಮೇಲೆ ಅದಕ್ಕೆ ಕೊಟ್ಟ ಕಾರಣ ನೋಡಿ. ನಿಮ್ಮಲ್ಲಿ ಬೇಕಾದಷ್ಟಿದೆ ಎಂದಲ್ಲ, ಬೇರೆಯವರಿಗಿಂತ ಹೆಚ್ಚಿದೆ ಎಂದೂ ಅಲ್ಲ. ನಾನು ನಿನ್ನನ್ನು ಕೈಬಿಡುವುದಿಲ್ಲ ಎಂದು ದೇವರು ಹೇಳಿರುವುದೇ ಕಾರಣ. ಮೋಶೆಯ ಬಾಯಿಂದ ಆ ವಾಗ್ದಾನ ಬಂದದ್ದು ಇನ್ನೂ ಯೊರ್ದನ್ ದಾಟದ ಜನರಿಗೆ. ಅದು ಮನೆ ಇರುವ ನಿಮಗೂ ಅಷ್ಟೇ, ಮನೆ ಬಿಡಬೇಕಾದ ಆ ಸಹೋದರಿಗೂ ಅಷ್ಟೇ.

ನೀವು ಕೇಳಿದಿರಿ, ಕೃತಜ್ಞತೆ ಮತ್ತು ಸಂತೃಪ್ತಿ ಒಂದೇನಾ ಎಂದು. ನನ್ನ ಮಟ್ಟಿಗೆ ಒಂದೇ ಅಲ್ಲ. ಕೃತಜ್ಞತೆ ಹಿಂದಕ್ಕೆ ತಿರುಗಿ, ಬಂದದ್ದು ಯಾರಿಂದ ಎಂದು ನೋಡುತ್ತದೆ. ಸಂತೃಪ್ತಿಗೆ ನಾಳೆಯ ಕಡೆಗೂ ಮುಖ ಮಾಡಿ, ಬಾರದೇ ಇದ್ದರೂ ಆತನಿದ್ದಾನೆ ಎನ್ನಬೇಕಾಗುತ್ತದೆ. ಮೊದಲನೆಯದನ್ನು ದಿನವೂ ಮಾಡುತ್ತಾ ಹೋದವನಿಗೆ ಎರಡನೆಯದು ನಿಧಾನಕ್ಕೆ ಬರುತ್ತದೆ.

ಹೇಗೆ ಮಾಡುವುದು? ನನ್ನ ಹೆಂಡತಿಯ ಒಂದು ರೂಢಿ ಹೇಳುತ್ತೇನೆ, ಅವಳ ಅನುಮತಿ ಪಡೆದೇ. ಕಾರ್ಖಾನೆ ಮುಚ್ಚಿದ್ದ ದಿನಗಳಲ್ಲಿ ಅವಳು ಒಂದು ನೋಟ್‌ಬುಕ್ ಇಟ್ಟಿದ್ದಳು. ಮಗನ ಶೂ, ಹೊದಿಕೆ, ಔಷಧಿ, ಶಾಲೆಯ ಫೀಸು ಎಂದು ಬಂದದ್ದನ್ನು ಬರೆದು, ಪಕ್ಕದಲ್ಲಿ ಅದು ಯಾರ ಕೈಯಿಂದ ಬಂತು ಎಂಬುದನ್ನೂ ಬರೆಯುತ್ತಿದ್ದಳು. ರಾತ್ರಿ ಪ್ರಾರ್ಥನೆಯಲ್ಲಿ ಆ ಹೆಸರುಗಳನ್ನು ಹೇಳುತ್ತಿದ್ದಳು. ಕಾಲ ಸುಧಾರಿಸಿದ ಮೇಲೂ ನಿಲ್ಲಿಸಲಿಲ್ಲ. ಈಗ ದುಡ್ಡು ಕೊಟ್ಟು ಕೊಂಡದ್ದಕ್ಕೂ ಕೈಗಳನ್ನು ಹುಡುಕುತ್ತಾಳೆ: ಹೊಲಿದವರು, ಹೊತ್ತು ತಂದವರು, ಗೋಡೆ ಕಟ್ಟಿದವರು, ನಲ್ಲಿ ಜೋಡಿಸಿದವರು. ಹೆಸರು ಗೊತ್ತಿಲ್ಲದಿದ್ದರೆ ಕೆಲಸ ಹೇಳಿ ಪ್ರಾರ್ಥಿಸುತ್ತಾಳೆ. ಸಭಾ ಸುಧಾರಕ ಲೂಥರ್ 1529ರ ಚಿಕ್ಕ ಪ್ರಶ್ನೋತ್ತರಿಯಲ್ಲಿ "ನಮ್ಮ ಅನುದಿನದ ಆಹಾರ" ಎಂಬುದಕ್ಕೆ ಅರ್ಥ ಹೇಳುವಾಗ ಅನ್ನಪಾನ, ಬಟ್ಟೆ, ಪಾದರಕ್ಷೆ, ಮನೆ, ಹೊಲ ಎಂದು ಶುರುಮಾಡಿ ಒಳ್ಳೆಯ ಸರ್ಕಾರ, ಒಳ್ಳೆಯ ಹವಾಮಾನ, ಸಮಾಧಾನ, ಒಳ್ಳೆಯ ಸ್ನೇಹಿತರು, ನಂಬಿಗಸ್ತ ನೆರೆಯವರವರೆಗೆ ಪಟ್ಟಿ ಮಾಡುತ್ತಾನೆ. ಇವಳಿಗೆ ಅದು ಗೊತ್ತಿರಲಿಲ್ಲ, ನೋಟ್‌ಬುಕ್ಕಿನಲ್ಲಿ ಅದನ್ನೇ ಮಾಡಿದ್ದಳು. ನಿನ್ನಲ್ಲಿರುವುದರಲ್ಲಿ ನೀನು ಹೊಂದದೇ ಇದ್ದದ್ದು ಯಾವುದು ಎಂದು 1 ಕೊರಿಂಥ 4:7 ಕೇಳುತ್ತದಲ್ಲ, ಆ ಪ್ರಶ್ನೆ ಅವಳ ಪುಟಗಳಲ್ಲಿ ದಿನವೂ ಇರುತ್ತದೆ. ಇಷ್ಟು ಕೈಗಳನ್ನು ನೆನೆದ ಮೇಲೆ "ಇದು ನನ್ನದು" ಎನ್ನುವುದು ಕಷ್ಟ.

ಇನ್ನೊಂದು, "ಸಾಕು" ಎಂಬ ಗೆರೆಯನ್ನು ಮೊದಲೇ ಎಳೆದುಕೊಳ್ಳಿ. ಆಕ್ಸ್‌ಫರ್ಡಿನ ಮೊದಲ ಮೆಥೊಡಿಸ್ಟರಲ್ಲಿ ಒಬ್ಬನ ಲೆಕ್ಕವನ್ನು ಆ ಗುಂಪಿನ ಮುಖಂಡ ಜಾನ್ ವೆಸ್ಲಿ ಬರೆದಿದ್ದಾರೆ, ಅದು ಅವರದೇ ಲೆಕ್ಕ ಎಂದು ಬಹುತೇಕರು ತಿಳಿಯುತ್ತಾರೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು, 28ರಲ್ಲೇ ಬದುಕಿ 32 ಕೊಟ್ಟ. ಆಮೇಲೆ 90, ಆಮೇಲೆ 120, ಬದುಕಿದ್ದು ಮಾತ್ರ 28ರಲ್ಲೇ. ಎಲ್ಲರೂ ಹಾಗೇ ಮಾಡಬೇಕೆಂದು ನಾನು ಹೇಳುವುದಿಲ್ಲ, ಮಕ್ಕಳೊಂದಿಗರಿಗೆ ಅದು ಆಗದ ಮಾತು. ಗೆರೆ ಎಳೆದವನಿಗೆ ಮಾತ್ರ ತನ್ನಲ್ಲಿ ಹೆಚ್ಚಾಗಿದೆ ಎಂಬುದು ಕಾಣಿಸುತ್ತದೆ. ಇಲ್ಲದವನಿಗೆ ಎಷ್ಟು ಬಂದರೂ ಅದು ಸರಿಯಾಗಿ ಸಾಲುವಷ್ಟೇ ಇರುತ್ತದೆ.

ಉತ್ತರ: ಇನ್ನೂ ಕಾಯುತ್ತಿರುವವಳು

ಅಕ್ಕಾ, ನಿಮ್ಮ ಎದುರಿಗೆ ಕೂತಿದ್ದವಳು ನಾನಲ್ಲ. ಆದರೆ ಅಂಥ ಜಾಗದಲ್ಲಿ ಎಷ್ಟೋ ಸಲ ಕೂತವಳು. ಆ ಕಡೆಯಿಂದ ಒಂದೆರಡು ಮಾತು.

ಸಾಕ್ಷಿ ಹೇಳುವುದನ್ನು ನಿಲ್ಲಿಸಬೇಡಿ. ನಮ್ಮನ್ನು ನೋಡಿ ಮಾತು ನುಂಗಿಕೊಂಡರೆ ನಮಗೆ ಇನ್ನೂ ಸಂಕಟ. ನಮ್ಮ ದುಃಖದಿಂದ ನಿಮ್ಮ ಸ್ತೋತ್ರ ಬತ್ತಿಹೋಯಿತು ಎಂಬ ಭಾರವನ್ನೂ ನಾವೇ ಹೊರಬೇಕಾಗುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆ 12:15ರಲ್ಲಿ ಸಂತೋಷಪಡುವವರ ಸಂಗಡ ಸಂತೋಷಪಡಿರಿ, ಅಳುವವರ ಸಂಗಡ ಅಳಿರಿ ಎಂದು ಒಂದೇ ಉಸಿರಿನಲ್ಲಿದೆ. ಮೊದಲನೆಯದನ್ನು ನಾನು ಮಾಡುತ್ತೇನೆ, ಅವಕಾಶ ಕೊಡಿ.

ಒಂದನ್ನು ಮಾತ್ರ ಬಿಡಿ: ಕಾರಣ ಹೇಳುವುದನ್ನು. "ನಾವು ಬಿಡದೆ ಪ್ರಾರ್ಥಿಸಿದೆವು, ಅದಕ್ಕೇ ಕೊಟ್ಟರು", "ನಂಬಿಕೆ ಇಟ್ಟೆವು, ಅದಕ್ಕೇ ಆಯಿತು" ಎಂಬಂಥ ಮಾತು. ಆ "ಅದಕ್ಕೇ" ನಮ್ಮನ್ನು ಇರಿಯುತ್ತದೆ. ನಾನೂ ಬಿಡದೆ ಪ್ರಾರ್ಥಿಸಿದ್ದೇನೆ. ಕೊಟ್ಟರು ಎಂದಷ್ಟೇ ಹೇಳಿ, ನಾನು ಚಪ್ಪಾಳೆ ತಟ್ಟುತ್ತೇನೆ.

ಸಂತೃಪ್ತಿಯ ಬಗ್ಗೆ ಕಾಯುವವರಿಗೆ ಕೊಡುವ ಉಪದೇಶ ಬಹಳ. ನಾನು ಆಗಾಗ 1 ಸಮುವೇಲ 1ಕ್ಕೆ ಹೋಗುತ್ತೇನೆ. ಶೀಲೋವಿನಲ್ಲಿ ಯಜ್ಞದ ಊಟದ ಹೊತ್ತಿಗೆ ಮಕ್ಕಳಿಲ್ಲದ ಹನ್ನಳನ್ನು ಮಕ್ಕಳಿರುವ ಸವತಿ ಪೆನಿನ್ನ ಕೆಣಕುತ್ತಾಳೆ, ಹನ್ನ ಅಳುತ್ತಾ ಊಟ ಬಿಡುತ್ತಾಳೆ. ಆಗ ಗಂಡ ಎಲ್ಕಾನ, "ನಾನು ನಿನಗೆ ಹತ್ತು ಮಕ್ಕಳಿಗಿಂತ ಹೆಚ್ಚಲ್ಲವೋ?" ಎನ್ನುತ್ತಾನೆ. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಹನ್ನ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ಎದ್ದು ಹೋಗಿ ದೇವರ ಮುಂದೆ ಮನಸ್ಸು ಬಿಚ್ಚಿಟ್ಟಳು. ಯಾಜಕ ಏಲಿ ಕುಡಿದಿದ್ದಾಳೆ ಎಂದುಕೊಂಡ. ಇರುವುದರಲ್ಲಿ ಸುಮ್ಮನಿರಬೇಕಿತ್ತು ಎಂದು ದೇವರು ಅವಳನ್ನು ಗದರಿಸಿದ್ದು ಎಲ್ಲೂ ಇಲ್ಲ. ಬೇಡುವುದು ಅತೃಪ್ತಿಯಲ್ಲ ಎಂದು ನಾನು ನಂಬುತ್ತೇನೆ.

ಹೊಟ್ಟೆಕಿಚ್ಚು ಬೇರೆ. ಅದು ಬಂದಾಗ ಯೋಹಾನ 21 ನೆನಪಾಗುತ್ತದೆ. ಪೇತ್ರನು ಪಕ್ಕದಲ್ಲಿದ್ದ ಶಿಷ್ಯನನ್ನು ತೋರಿಸಿ, ಕರ್ತನೇ, ಇವನದೇನು ಎಂದು ಕೇಳಿದ. ಅದರಿಂದ ನಿನಗೇನು, ನೀನು ನನ್ನನ್ನು ಹಿಂಬಾಲಿಸು ಎಂದು ಉತ್ತರ ಬಂತು. ಕಠಿಣವಾದ ಮಾತು. ನನಗೆ ಅದರಲ್ಲೇ ವಿಶ್ರಾಂತಿ ಸಿಕ್ಕಿದೆ, ಯಾಕೆಂದರೆ ನನ್ನನ್ನೂ ಹೆಸರು ಹಿಡಿದು ಕರೆದಿದ್ದಾರೆ ಎಂಬುದು ಅದರಲ್ಲಿದೆ.

ಉತ್ತರ: ನಾಬೋತನ ತೋಟ

ಎಲ್ಲರ ಮಾತೂ ಓದಿದೆ, ಒಳ್ಳೆಯದಾಯಿತು. ಆದರೆ ಒಂದು ವಿಷಯಕ್ಕೆ ನನ್ನ ಮನಸ್ಸು ಕುದಿಯುತ್ತದೆ, ಹೇಳದೆ ಇರಲಾರೆ.

ಸಂತೃಪ್ತಿಯ ಬೋಧನೆ ಯಾವಾಗಲೂ ಇಲ್ಲದವರ ಕಡೆಗೇ ಯಾಕೆ ಹರಿಯುತ್ತದೆ? ನಾನು ದಿನಗೂಲಿಯವರ ನಡುವೆ ಕೆಲಸ ಮಾಡುವವನು. ಬರಬೇಕಾದ ಕೂಲಿ ತಿಂಗಳುಗಟ್ಟಲೆ ಬಾರದಿದ್ದಾಗ, "ಭಕ್ತಿ ಇದ್ದವನು ಅನ್ನವಸ್ತ್ರಗಳಲ್ಲಿ ತೃಪ್ತನಾಗಿರಬೇಕು" ಎಂಬ ವಚನವನ್ನು ಅವರ ಬಾಯಿಗೆ ಬೀಗ ಹಾಕಲು ಬಳಸಿದ್ದನ್ನು ಕಂಡಿದ್ದೇನೆ. ಆ ವಚನ ಬರುವ 1 ತಿಮೊಥೆಯ 6ರಲ್ಲಿ ಪೌಲ ಎಚ್ಚರಿಸುತ್ತಿರುವುದು ಐಶ್ವರ್ಯವಂತರಾಗಬೇಕೆಂದು ಮನಸ್ಸು ಮಾಡುವವರನ್ನು, ದೇವಭಕ್ತಿಯನ್ನೇ ಲಾಭದ ಸಾಧನ ಮಾಡಿಕೊಂಡವರನ್ನು. ಕೂಲಿ ಕೇಳುವವನನ್ನಲ್ಲ. ಕೂಲಿ ಹಿಡಿದಿಟ್ಟರೆ ಆ ಕೂಲಿಯೇ ಕೂಗುತ್ತದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟಿದೆ ಎಂದು ಯಾಕೋಬ 5:4 ಹೇಳುತ್ತದೆ. ಸ್ನಾನಿಕನಾದ ಯೋಹಾನ ನಿಮಗೆ ಬರುವ ಸಂಬಳವೇ ಸಾಕೆನ್ನಿರಿ ಎಂದದ್ದು ಯಾರಿಗೆ? ಕೈಯಲ್ಲಿ ಆಯುಧ ಇದ್ದ ಸಿಪಾಯಿಗಳಿಗೆ. ಬಲಾತ್ಕಾರದಿಂದ ಯಾರಿಂದಲೂ ಹಣ ಕಿತ್ತುಕೊಳ್ಳಬೇಡಿ ಎಂಬುದರ ಜೊತೆಗೇ ಅದು ಬರುತ್ತದೆ (ಲೂಕ 3:14).

ನಾನು ಈ ಹೆಸರು ಇಟ್ಟುಕೊಂಡದ್ದೂ ಇದಕ್ಕೇ. 1 ಅರಸುಗಳು 21ರಲ್ಲಿ ಇಬ್ಬರಿದ್ದಾರೆ. ಒಬ್ಬನಿಗೆ ಅರಮನೆ ಇದೆ, ರಾಜ್ಯ ಇದೆ, ಪಕ್ಕದ ತೋಟ ಬೇಕು. ಸಿಗಲಿಲ್ಲ ಎಂದು ಹಾಸಿಗೆಯ ಮೇಲೆ ಬಿದ್ದು, ಮುಖ ತಿರುಗಿಸಿಕೊಂಡು, ಊಟ ಬಿಡುತ್ತಾನೆ. ಇನ್ನೊಬ್ಬನಿಗೆ ಇರುವುದು ಪಿತ್ರಾರ್ಜಿತವಾದ ಒಂದು ದ್ರಾಕ್ಷೆಯ ತೋಟ. ಅದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಇಲ್ಲವೇ ಹಣ ಕೊಡುತ್ತೇನೆ ಎಂದರೂ ಬೇಡ ಎನ್ನುತ್ತಾನೆ. ಸಂತೃಪ್ತ ಯಾರು? ನಾಬೋತ. ಅವನ ಸಂತೃಪ್ತಿ ಅರಸನ ಎದುರು ನೆಟ್ಟಗೆ ನಿಂತು "ಕೊಡುವುದಿಲ್ಲ" ಎಂದಿತು. ಅದಕ್ಕಾಗಿ ಪ್ರಾಣವನ್ನೂ ತೆತ್ತ. ಸಂತೃಪ್ತಿ ಎಂದರೆ ಬಗ್ಗಿದ ಬೆನ್ನು ಎಂದು ಕಲಿಸುವವರು ಈ ಅಧ್ಯಾಯವನ್ನು ಒಮ್ಮೆ ಓದಲಿ.

ಉತ್ತರ: ಮೂರನೇ ಪಾಳಿ

ನಾಬೋತನ ತೋಟದವರೇ, ನಿಮ್ಮ ಮಾತಿಗೆ ನನ್ನ ಆಮೆನ್. ಬೀಗ ಬಿದ್ದ ಕಾರ್ಖಾನೆಯ ಗೇಟಿನ ಮುಂದೆ ನಾನೂ ಬಾಕಿ ಸಂಬಳಕ್ಕಾಗಿ ಕೂತಿದ್ದೆ, ಕೂತಲ್ಲೇ ಪ್ರಾರ್ಥನೆಯನ್ನೂ ಮಾಡಿದ್ದೆ. ಒಂದಕ್ಕೊಂದು ವಿರೋಧ ಎಂದು ನನಗೆ ಅಂದೂ ಅನ್ನಿಸಲಿಲ್ಲ.

ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಸಂತೃಪ್ತನಿಗೆ ಯಾರ ಸಹಾಯವೂ ಬೇಡ ಎಂಬ ತಪ್ಪು ತಿಳಿವಳಿಕೆ ಇದೆ. ಕಲಿತುಕೊಂಡಿದ್ದೇನೆ ಎಂದ ಪೌಲ ಆ ಮಾತನ್ನು ಬರೆದದ್ದೇ ಒಂದು ಸಹಾಯ ತಲುಪಿದ ಸಂದರ್ಭದಲ್ಲಿ. ಫಿಲಿಪ್ಪಿಯವರು ಕಳಿಸಿದ್ದನ್ನು ಎಪಫ್ರೊದೀತ ತಂದುಕೊಟ್ಟಿದ್ದ, ಆ ಸೇವೆಯಲ್ಲಿ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ. ನನ್ನ ಕಷ್ಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಎಂದು ಪೌಲ ಸಂಕೋಚವಿಲ್ಲದೆ ಹೇಳುತ್ತಾನೆ. ಕೊಟ್ಟವರೂ ಉಳ್ಳವರಾಗಿರಲಿಲ್ಲ. ಫಿಲಿಪ್ಪಿ ಮಕೆದೋನ್ಯದ ಪಟ್ಟಣ. ಮಕೆದೋನ್ಯದ ಸಭೆಗಳು ಕಡುಬಡತನದಲ್ಲಿದ್ದುಕೊಂಡೇ ಉದಾರವಾಗಿ ಕೊಟ್ಟವು ಎಂದು 2 ಕೊರಿಂಥ 8ರಲ್ಲಿದೆ.

ಪ್ರತಿಕ್ರಿಯೆ: ಹೊಸಮನೆಯವಳು

ಎಲ್ಲರಿಗೂ ಮನಸಾರೆ ವಂದನೆಗಳು. "ಅದಕ್ಕೇ" ಎಂಬ ಆ ಒಂದು ಪದ ಎಷ್ಟು ಸಾಕ್ಷಿಗಳಲ್ಲಿ ಕೇಳಿದ್ದೇನೆ ಎಂದು ಯೋಚಿಸುತ್ತಾ ಕೂತಿದ್ದೆ. ನೋಟ್‌ಬುಕ್ ನಾನೂ ಶುರುಮಾಡಿದ್ದೇನೆ. ಮೊದಲ ಪುಟದಲ್ಲಿ ಕಿಟಕಿ ಕೂರಿಸಿದ ಬಡಗಿ ಇದ್ದಾರೆ, ನಮ್ಮ ಜೊತೆ ಪ್ರಾರ್ಥಿಸಿದ ಆ ಸಹೋದರಿಯೂ ಇದ್ದಾರೆ. ಅವರ ಹೆಸರು ಬರೆಯುವಾಗ, ಈ ಮನೆಯಲ್ಲಿ ಅವರ ಪಾಲೂ ಇದೆ ಎಂದು ಅನ್ನಿಸಿತು.

ಮನೆಯವರ ಜೊತೆ ಮಾತಾಡಿದೆ. ಆ ಸಹೋದರಿಯ ಕುಟುಂಬಕ್ಕೆ ಬೇರೆ ಮನೆ ಸಿಗುವವರೆಗೆ ನಮ್ಮ ಮುಂದಿನ ಕೋಣೆಯನ್ನು ಬಿಟ್ಟುಕೊಡೋಣ ಎಂದು ಇಬ್ಬರಿಗೂ ಮನಸ್ಸಿದೆ. ಅತ್ತೆಗೂ ಒಪ್ಪಿಗೆ. ಮಕ್ಕಳು ಹಾಲ್‌ನಲ್ಲಿ ಓದಿಕೊಳ್ಳುತ್ತಾರೆ. ಒಂದೇ ಅಳುಕು: ಮನಸ್ಸಿನ ಭಾರ ಇಳಿಸಿಕೊಳ್ಳಲು ಇದನ್ನು ಮಾಡುತ್ತಿದ್ದೇನಾ? ಹಾಗಿದ್ದರೆ ಅವರು ನನ್ನ ಸಮಾಧಾನಕ್ಕೆ ಒಂದು ಉಪಾಯ ಮಾತ್ರ ಆಗುತ್ತಾರೆ. ಅವರಿಗೆ ನೋವಾಗದ ಹಾಗೆ ಕೇಳುವುದು ಹೇಗೆ?

ಉತ್ತರ: ಇನ್ನೂ ಕಾಯುತ್ತಿರುವವಳು

ಅಕ್ಕಾ, ಅವರನ್ನೇ ಕೇಳಿ. "ಬನ್ನಿ" ಎಂದು ನಿರ್ಧರಿಸಿ ಹೇಳಬೇಡಿ, "ಬರುತ್ತೀರಾ?" ಎಂದು ಕೇಳಿ, ಬೇಡ ಎನ್ನಲು ಅವರಿಗೆ ಜಾಗ ಬಿಡಿ. ಕೀಲಿಕೈ ಒಂದನ್ನು ಅವರಿಗೇ ಕೊಡಿ. ಎಷ್ಟು ದಿನ ಎಂದು ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಮುಜುಗರ ಇರುವುದಿಲ್ಲ. ಅವರು ಏನಾದರೂ ಕೊಡಲು ಬಂದರೆ, ಅದು ಮನೆಗೆಲಸವೇ ಆಗಲಿ, ನಿಮ್ಮ ಮಕ್ಕಳಿಗೆ ಪಾಠ ಹೇಳುವುದೇ ಆಗಲಿ, ತೆಗೆದುಕೊಳ್ಳಿ. ಪಡೆಯುವವರಾಗಿಯೇ ಇರುವುದು ತುಂಬ ಸುಸ್ತಿನ ಕೆಲಸ.

ನಿಮ್ಮ ಅಳುಕಿನ ಬಗ್ಗೆ: ಮನಸ್ಸು ಪೂರ್ತಿ ಶುದ್ಧವಾಗಲಿ ಎಂದು ಕಾದರೆ ಕೋಣೆ ಖಾಲಿಯೇ ಉಳಿಯುತ್ತದೆ. ನನಗೆ ಶೂನೇಮಿನ ಆ ಸ್ತ್ರೀ ನೆನಪಾಗುತ್ತಾಳೆ (2 ಅರಸುಗಳು 4). ಅವಳು ಸ್ಥಿತಿವಂತೆ. ಪ್ರವಾದಿ ಎಲೀಷ ಹಾದುಹೋಗುವಾಗಲೆಲ್ಲ ತಂಗಲಿ ಎಂದು ಗಂಡನಿಗೆ ಹೇಳಿ ಮಾಳಿಗೆಯ ಮೇಲೆ ಒಂದು ಚಿಕ್ಕ ಕೋಣೆ ಕಟ್ಟಿಸುತ್ತಾಳೆ. ಮಂಚ, ಮೇಜು, ಕುರ್ಚಿ, ದೀಪ ಇಡುತ್ತಾಳೆ. ನಿನಗೇನು ಮಾಡಬೇಕು, ಅರಸನಿಗೆ ಹೇಳಬೇಕೋ ಎಂದು ಎಲೀಷ ಕೇಳಿಸಿದಾಗ, ನಾನು ಸ್ವಜನರ ಮಧ್ಯದಲ್ಲಿ ವಾಸವಾಗಿದ್ದೇನೆ ಎಂದಷ್ಟೇ ಹೇಳುತ್ತಾಳೆ. ಏನೂ ಬೇಡಲಿಲ್ಲ. ಆದರೆ ಅವಳಿಗೆ ಮಕ್ಕಳಿಲ್ಲ ಎಂಬುದನ್ನು ಎಲೀಷನ ಸೇವಕ ಗೇಹಜಿ ಹೇಳಬೇಕಾಗುತ್ತದೆ. ಅಷ್ಟು ದೊಡ್ಡ ಕೊರತೆ ಒಳಗಿದ್ದೂ ಅವಳು ಇನ್ನೊಬ್ಬರಿಗೆ ಹಾಸಿಗೆ ಹಾಸಿದ್ದಳು. ಮುಂದೆ ಹುಟ್ಟಿದ ಮಗ ಸತ್ತಾಗ ಸುಮ್ಮನೆ ಸಹಿಸಿಕೊಂಡು ಕೂರಲಿಲ್ಲ, ಪ್ರವಾದಿಯ ಕಾಲು ಹಿಡಿದು, ನಾನು ಮಗನನ್ನು ಬೇಡಿದ್ದೆನೋ ಎಂದು ಕೇಳಿದಳು. ಇವಳೇ ನನಗೆ ಸಂತೃಪ್ತಿಯ ಗುರು.

ಉತ್ತರ: ನಾಬೋತನ ತೋಟ

ಸಹೋದರೀ, ಶೂನೇಮಿನವಳ ಕಥೆಯನ್ನು ಅಲ್ಲಿಗೇ ನಿಲ್ಲಿಸಬೇಡಿ, 8ನೇ ಅಧ್ಯಾಯಕ್ಕೂ ಬನ್ನಿ. ಏಳು ವರ್ಷದ ಬರ ಬರುತ್ತದೆಂದು ಎಲೀಷ ಎಚ್ಚರಿಸಿದಾಗ ಮನೆಮಂದಿಯೊಂದಿಗೆ ಎಲ್ಲ ಬಿಟ್ಟು ಫಿಲಿಷ್ಟಿಯರ ದೇಶಕ್ಕೆ ಹೊರಟುಹೋಗುತ್ತಾಳೆ. ಅಷ್ಟು ಹಗುರವಾಗಿ ಮನೆ ಬಿಡಬಲ್ಲವಳು. ಬರ ಮುಗಿದು ತಿರುಗಿ ಬಂದಾಗ ಮನೆಯೂ ಹೊಲವೂ ಅವಳ ಕೈಯಲ್ಲಿರಲಿಲ್ಲ. ಆಗ ಅವಳು ದೇವರ ಚಿತ್ತ ಎಂದು ಕೈಕಟ್ಟಿ ಕೂರದೆ ನೇರವಾಗಿ ಅರಸನ ಬಳಿಗೆ ಹೋಗಿ ತನ್ನ ಮನೆ, ಹೊಲ ಎರಡನ್ನೂ ಕೇಳಿದಳು. ಅರಸನು ಒಬ್ಬ ಅಧಿಕಾರಿಯನ್ನು ನೇಮಿಸಿ, ಅವಳದಾಗಿದ್ದ ಎಲ್ಲವನ್ನೂ, ಅವಳು ದೇಶ ಬಿಟ್ಟ ದಿನದಿಂದ ಅಂದಿನವರೆಗಿನ ಹೊಲದ ಹುಟ್ಟುವಳಿಯನ್ನೂ ಸೇರಿಸಿ, ತಿರುಗಿ ಕೊಡಿಸಿದನು.

ಹೊಸಮನೆಯವರೇ, ನಿಮ್ಮ ಸ್ನೇಹಿತೆಯ ಯಜಮಾನರಿಗೆ ಬರಬೇಕಾದ ಬಾಕಿ ಸಂಬಳ ಏನಾದರೂ ಇದ್ದರೆ, ಕಾಗದಪತ್ರ ಬರೆಯಲು ನಾನು ಸಿದ್ಧ, ಅವರಿಗೆ ತಿಳಿಸಿ.